ಇಬ್ಬರಲ್ಲಿ ಉಳಿದವರು

ಮದುವೆ ಮನೆಯಲ್ಲಿ ಹುಡುಗಿ ಹಿರಿಯರ ಕಾಲಿಗೆ ಎರಗಿದಾಗ ‘ದೀರ್ಘಸುಮಂಗಲೀ ಭವ’ ಎಂದು ಹರಸುವುದನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಕಿವಿಗೆ ಹಿತವಾದ ಮಾತು. ಬಿಡಿಸಿ ನೋಡಿದರೆ ಅದರೊಳಗೆ ವಿಚಿತ್ರವಾದ ಒಂದು ಲೆಕ್ಕವಿದೆ. ಬಹುಕಾಲ ಸುಮಂಗಲಿಯಾಗಿರು ಎಂದರೆ ನಿನ್ನ ಗಂಡ ಬಹುಕಾಲ ಬದುಕಲಿ ಎಂದು ಅರ್ಥ. ಕೊನೆಯ ಉಸಿರಿನವರೆಗೂ ಸುಮಂಗಲಿಯಾಗಿರು ಎಂದರೆ ಅವನಿಗಿಂತ ಮೊದಲು ನೀನು ಹೋಗು ಎಂದು ಅರ್ಥ. ಹುಡುಗಿಯ ತಲೆಯ ಮೇಲೆ ಇನ್ನೂ ಅಕ್ಷತೆ ಕಾಳು ಇರುವಾಗಲೇ, ಐವತ್ತು ವರ್ಷದ ಬಳಿಕ ಇಬ್ಬರಲ್ಲಿ ಯಾರು ಒಂಟಿಯಾಗಬೇಕು ಎಂಬುದನ್ನು ಹಿರಿಯರು ತೀರ್ಮಾನಿಸಿಬಿಟ್ಟಿರುತ್ತಾರೆ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರಾದ್ದರಿಂದ ಯಾರೂ ಅದನ್ನು ಗಮನಿಸುವುದಿಲ್ಲ.

ಇನ್ನೂ ವಿಚಿತ್ರವೆಂದರೆ, ಹರಸಿದ ಆ ಹಿರಿಯರೇ ಹುಡುಗಿಗಿಂತ ನಾಲ್ಕೈದು ವರ್ಷ ದೊಡ್ಡವನನ್ನು ಹುಡುಕಿ ತಂದಿರುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಆ ಅಂತರ ಹತ್ತು, ಹದಿನೈದು ವರ್ಷವೂ ಇರುತ್ತಿತ್ತು. ಕಾನೂನು ಕೂಡ ಇದನ್ನು ಒಪ್ಪಿಕೊಂಡಂತಿದೆ: 1978ರ ತಿದ್ದುಪಡಿಯಾದಂದಿನಿಂದ ಮದುವೆಗೆ ಹೆಣ್ಣಿಗೆ 18, ಗಂಡಿಗೆ 21 ತುಂಬಿದರೆ ಸಾಕು. ಇದರ ಮೇಲೆ ನಮ್ಮ ದೇಶದಲ್ಲಿ ಹೆಂಗಸರ ಸರಾಸರಿ ಆಯುಸ್ಸು ಗಂಡಸರಿಗಿಂತ ಎರಡು ಮೂರು ವರ್ಷ ಹೆಚ್ಚು. ಎರಡನ್ನೂ ಕೂಡಿಸಿದರೆ ಬರುವ ಉತ್ತರ ಏನೆಂದು ಯಾರಾದರೂ ಹೇಳಬಹುದು. ಅರವತ್ತು ದಾಟಿದವರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರ ಸಂಖ್ಯೆ ಹೆಂಡತಿಯನ್ನು ಕಳೆದುಕೊಂಡ ಗಂಡಸರ ಸಂಖ್ಯೆಗಿಂತ ಬಹಳ ದೊಡ್ಡದು. ಬಾಯಲ್ಲಿ ಹರಸಿದ್ದು ಒಂದು, ಕೈಯಾರೆ ಮಾಡಿದ್ದು ಇನ್ನೊಂದು.

ಇಪ್ಪತ್ತೈದರಲ್ಲಿ ಕೇಳಿಸದ ಈ ಲೆಕ್ಕ ಎಪ್ಪತ್ತರಲ್ಲಿ ಕೇಳಿಸತೊಡಗುತ್ತದೆ. ಮಕ್ಕಳು ಬೆಂಗಳೂರಿಗೋ ಬೋಸ್ಟನ್ನಿಗೋ ಹೋಗಿ, ಮನೆಯಲ್ಲಿ ಇಬ್ಬರೇ ಉಳಿದು, ಉಪ್ಪಿನಕಾಯಿ ಭರಣಿಯ ಪಕ್ಕ ಮಾತ್ರೆಯ ಡಬ್ಬಿ ಬಂದು ಕೂತ ಮೇಲೆ ಬಹಳಷ್ಟು ದಂಪತಿಗಳ ನಡುವೆ ಒಂದು ತಮಾಷೆ ಶುರುವಾಗುತ್ತದೆ. ‘ನಾನು ಹೋದ ಮೇಲೆ ಗೊತ್ತಾಗುತ್ತೆ ನಿಮಗೆ.’ ‘ನೀನೆಲ್ಲಿ ಹೋಗ್ತೀಯ, ನನ್ನ ಕಳಿಸಿಕೊಟ್ಟೇ ಹೋಗೋಳು ನೀನು.’ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಒಂದು ಜಗಳ ಮಾತ್ರ ಇಬ್ಬರೂ ಮಲಗಿದ ಮೇಲೂ ಕತ್ತಲೆಯಲ್ಲಿ ಕಣ್ಣುಬಿಟ್ಟುಕೊಂಡು ಇರುತ್ತದೆ. ತಮಾಷೆಯ ವೇಷದಲ್ಲಿರುವ ಈ ಪ್ರಶ್ನೆಯನ್ನು ವೇಷ ಕಳಚಿ ಕೇಳಿಕೊಳ್ಳಬೇಕು ಎಂದು ನನಗೆ ಅನಿಸುತ್ತದೆ. ಇಬ್ಬರಲ್ಲಿ ನಾನೇ ಮೊದಲು ಹೋಗಬೇಕೆಂದು ಬಯಸುವುದು ಪ್ರೀತಿಯೋ, ಸ್ವಾರ್ಥವೋ?

ಹೆಂಗಸರ ಬಯಕೆಯಿಂದ ಶುರುಮಾಡೋಣ. ‘ಮುತ್ತೈದೆಯಾಗಿ ಹೋದಳು, ಪುಣ್ಯವಂತೆ’ ಎಂಬ ಮಾತನ್ನು ಸಾವಿನ ಮನೆಯ ಅಂಗಳದಲ್ಲಿ ಕೇಳದವರು ಕಡಿಮೆ. ಆಕೆಯ ದೇಹಕ್ಕೆ ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬುತ್ತಾರೆ. ಮದುವಣಗಿತ್ತಿಯಂತೆ ಕಾಣುತ್ತಾಳೆ ಎಂದು ಬಂದವರು ಕಣ್ಣೊರೆಸಿಕೊಳ್ಳುತ್ತಾರೆ. ಅಂಥ ಮನೆಗೆ ಹೋದಾಗಲೆಲ್ಲ ನಾನು ಗಂಡ ಎಲ್ಲಿದ್ದಾನೆ ಎಂದು ಹುಡುಕುತ್ತೇನೆ. ಸಾಮಾನ್ಯವಾಗಿ ಅವನು ಜಗಲಿಯ ಮೂಲೆಯಲ್ಲಿ ಯಾರೋ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇರುತ್ತಾನೆ. ಪುಣ್ಯ ಆಕೆಯದು ಎಂದಾದರೆ ಈತನ ಪಾಲಿಗೆ ಬಂದದ್ದು ಏನು? ಅವನ ಹೊಸ ಸ್ಥಿತಿಗೆ ಸರಿಯಾದ ಹೆಸರೂ ಇಲ್ಲ. ‘ವಿಧುರ’ ಎಂಬ ಪದ ಸರ್ಕಾರಿ ಅರ್ಜಿಗಳಲ್ಲಿ, ವಧೂವರರ ಜಾಹೀರಾತುಗಳಲ್ಲಿ ಬದುಕಿದೆಯೇ ಹೊರತು ಯಾರ ನಾಲಗೆಯ ಮೇಲೂ ಇಲ್ಲ.

ಹಾಗೆಂದು ಹೆಂಗಸರು ಮುತ್ತೈದೆ ಸಾವನ್ನು ಬಯಸುವುದು ಗಂಡನ ಮೇಲಿನ ಪ್ರೀತಿಯೊಂದರಿಂದಲೇ ಎಂದು ನಂಬುವುದು ನನಗೆ ಕಷ್ಟ. ಅವರು ತಮ್ಮ ಅಜ್ಜಿಯರನ್ನು ನೋಡಿದ್ದಾರೆ. ಬಳೆ ಒಡೆದದ್ದು, ಕುಂಕುಮ ಅಳಿಸಿದ್ದು, ನಿನ್ನೆಯವರೆಗೆ ಆರತಿ ಎತ್ತಲು ಕರೆಯುತ್ತಿದ್ದವರೇ ಇವತ್ತು ಶುಭಕಾರ್ಯದ ಬಾಗಿಲಲ್ಲಿ ಎದುರಾದರೆ ಮುಖ ತಿರುಗಿಸಿದ್ದು, ಎಲ್ಲವನ್ನೂ ನೋಡಿದ್ದಾರೆ. 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹೆರವಾಡ ಗ್ರಾಮ ಪಂಚಾಯಿತಿ ಇಂಥ ಆಚರಣೆಗಳನ್ನು ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ನಮ್ಮ ಬೆಳಗಾವಿ ಜಿಲ್ಲೆಗೆ ಹತ್ತಿರದ ಊರು ಅದು. ಉಳಿದ ಪಂಚಾಯಿತಿಗಳೂ ಇದನ್ನು ಅನುಸರಿಸಲಿ ಎಂದು ಅಲ್ಲಿನ ಸರ್ಕಾರ ಸುತ್ತೋಲೆ ಹೊರಡಿಸಿತು. 2022ರಲ್ಲೂ ನಿರ್ಣಯ ಮಾಡಿ ನಿಲ್ಲಿಸಬೇಕಾದಷ್ಟು ಆ ಪದ್ಧತಿ ಗಟ್ಟಿಯಾಗಿ ಉಳಿದಿತ್ತು ಎಂಬುದೂ ಅದರಿಂದ ತಿಳಿಯುತ್ತದೆ. ಹಿಂದೆ ಉಳಿದವಳಿಗೆ ಶಿಕ್ಷೆ ಕಾದಿದೆ ಎಂದು ಗೊತ್ತಿರುವಾಗ ‘ನಾನು ಮೊದಲು ಹೋಗಬೇಕು’ ಎನ್ನುವುದು ಪ್ರೇಮದ ಮಾತಿಗಿಂತ ಹೆಚ್ಚಾಗಿ ಶಿಕ್ಷೆ ತಪ್ಪಿಸಿಕೊಳ್ಳುವ ಮಾತು. ಶಿಕ್ಷೆ ಇಟ್ಟವರು ನಾವು. ಆಕೆಯ ಭಯವನ್ನು ಪಾತಿವ್ರತ್ಯವೆಂದು ಹೊಗಳುವವರೂ ನಾವೇ.

ಗಂಡಸರ ಬಯಕೆ ಇನ್ನೊಂದು ಬಗೆಯದು. ‘ಇವಳಿಲ್ಲದೆ ನನಗೆ ಒಂದು ದಿನವೂ ಆಗೋದಿಲ್ಲ, ದೇವರು ನನ್ನನ್ನೇ ಮೊದಲು ಕರಕೊಳ್ಳಲಿ’ ಎಂದು ಅವರು ಹೆಂಡತಿಯ ಎದುರಿಗೇ ಹೇಳುತ್ತಾರೆ. ಹೇಳುವ ಧಾಟಿ ಮೆಚ್ಚುಗೆಯದು. ಕೇಳುವವಳಿಗೂ ಒಳಗೊಳಗೆ ಹಿತವೆನಿಸುತ್ತದೆ. ಆದರೆ ಆ ವಾಕ್ಯದ ಉಳಿದರ್ಧವನ್ನು ಯಾರೂ ಪೂರ್ತಿ ಮಾಡುವುದಿಲ್ಲ: ನನಗೆ ತಡೆಯಲಾಗದ ಒಂಟಿತನವನ್ನು ನೀನು ತಡೆದುಕೋ. ಹೀಗೆ ಇಬ್ಬರೂ ಮುಂದೆ ಹೋಗಲು ಹಂಬಲಿಸುವ ಪಂದ್ಯದಲ್ಲಿ ಗೆದ್ದವರು ತಮ್ಮ ದುಃಖವನ್ನು ಸೋತವರ ಕೈಗೆ ಕೊಟ್ಟು ಹೋಗುತ್ತಾರೆ. ಇದನ್ನು ಸ್ವಾರ್ಥ ಎಂದು ಕರೆದರೆ ಮಾತು ತುಸು ಕಟುವಾದೀತು. ಆದರೂ ಇದರಲ್ಲಿ ಎದುರಿನವರ ನಾಳೆಯ ಚಿತ್ರ ಇಲ್ಲ ಎಂಬುದು ನಿಜ.

ಇಬ್ಬರೂ ಒಟ್ಟಿಗೆ ಹೋದರೆ? ಈ ಆಸೆಯೂ ಹಳೆಯದೇ. ರೋಮನ್ ಕವಿ ಒವಿಡ್ ತನ್ನ ‘ಮೆಟಮಾರ್ಫಸಿಸ್’ ಕಾವ್ಯದಲ್ಲಿ ಫಿಲೆಮನ್ ಮತ್ತು ಬಾಸಿಸ್ ಎಂಬ ಬಡ ಮುದುಕ ಮುದುಕಿಯ ಕಥೆ ಹೇಳುತ್ತಾನೆ. ಮಾರುವೇಷದಲ್ಲಿ ಬಂದ ದೇವತೆಗಳನ್ನು ಊರವರೆಲ್ಲ ಬಾಗಿಲಿಂದ ಅಟ್ಟಿದಾಗ ಈ ಇಬ್ಬರು ಒಳಗೆ ಕರೆದು, ಇದ್ದುದರಲ್ಲಿ ಉಣಬಡಿಸುತ್ತಾರೆ. ವರ ಕೇಳಿ ಎಂದಾಗ ಅವರು ಕೇಳುವುದು ಒಂದೇ ಗಳಿಗೆಯಲ್ಲಿ ಸಾವು ಬರಲಿ, ಒಬ್ಬರ ಅಂತ್ಯಕ್ರಿಯೆಯನ್ನು ಇನ್ನೊಬ್ಬರು ಕಾಣದಿರಲಿ ಎಂದು. ಕೊನೆಗೆ ಇಬ್ಬರೂ ಅಕ್ಕಪಕ್ಕದ ಎರಡು ಮರಗಳಾಗುತ್ತಾರೆ. ನಮ್ಮ ಕಾಲದಲ್ಲಿ ಈ ವರವನ್ನು ದೇವತೆಗಳ ಬದಲು ಕಾನೂನು ಕೊಟ್ಟ ಉದಾಹರಣೆಯಿದೆ. ನೆದರ್ಲೆಂಡ್ಸಿನ ಮಾಜಿ ಪ್ರಧಾನಿ ಡ್ರೀಸ್ ಫಾನ್ ಆಖ್ಟ್ ಮತ್ತು ಅವರ ಹೆಂಡತಿ ಯುಜಿನಿ 2024ರ ಫೆಬ್ರವರಿ 5ರಂದು, ಇಬ್ಬರೂ 93ನೆಯ ವಯಸ್ಸಿನಲ್ಲಿ, ಅಲ್ಲಿನ ದಯಾಮರಣ ಕಾನೂನಿನಡಿ ಕೈ ಕೈ ಹಿಡಿದು ತೀರಿಕೊಂಡರು. ಇಬ್ಬರಿಗೂ ಆರೋಗ್ಯ ಬಹಳ ಕೆಟ್ಟಿತ್ತು. ಅವರ ತೀರ್ಮಾನವನ್ನು ತೂಗುವ ಅಧಿಕಾರ ನನಗಿಲ್ಲ. ಸುದ್ದಿ ಓದಿದ ಅನೇಕರು ‘ಎಂಥ ಭಾಗ್ಯ’ ಎಂದರಲ್ಲ, ನನ್ನ ಮನಸ್ಸು ತಡೆದದ್ದು ಅಲ್ಲಿ. ಬಹುಪಾಲು ದಂಪತಿಗಳಿಗೆ ಆ ವರ ಸಿಗುವುದಿಲ್ಲ. ಒಬ್ಬರು ಇನ್ನೂ ಗಟ್ಟಿಮುಟ್ಟಾಗಿರುವಾಗ ಜೊತೆ ಸಾವನ್ನು ಆದರ್ಶವೆಂದು ಹೊಗಳುವುದು, ಉಳಿದವರ ಬದುಕಿಗೆ ಬೆಲೆಯಿಲ್ಲ ಎಂದು ಸುತ್ತಿ ಬಳಸಿ ಹೇಳಿದಂತೆ. ಸತಿಯ ಕಲ್ಲುಗಳನ್ನು ನಿಲ್ಲಿಸಿದ ನಾಡಿನಲ್ಲಿ ನಾವು ಈ ಹೊಗಳಿಕೆಯ ಬಗ್ಗೆ ಸ್ವಲ್ಪ ಹೆಚ್ಚೇ ಹುಷಾರಾಗಿರಬೇಕು.

ಮೊದಲು ಹೋಗುವುದೂ ಅಲ್ಲದ, ಒಟ್ಟಿಗೆ ಹೋಗುವುದೂ ಅಲ್ಲದ ಮೂರನೆಯ ಕಥೆಯೊಂದು ಮಹಾಭಾರತದ ಆದಿಪರ್ವದಲ್ಲಿದೆ. ರುರು ಎಂಬ ಋಷಿಕುಮಾರನಿಗೆ ನಿಶ್ಚಯವಾಗಿದ್ದ ಪ್ರಮದ್ವರೆ ಮದುವೆ ಹತ್ತಿರವಿರುವಾಗ ಹಾವು ಕಚ್ಚಿ ಸಾಯುತ್ತಾಳೆ. ಅವಳ ಆಯುಸ್ಸು ಮುಗಿದಿದೆ, ನಿನ್ನ ಆಯುಸ್ಸಿನಲ್ಲಿ ಅರ್ಧ ಕೊಟ್ಟರೆ ಬದುಕುತ್ತಾಳೆ ಎಂದು ದೇವದೂತ ಹೇಳುತ್ತಾನೆ. ರುರು ಕೊಡುತ್ತಾನೆ. ಸತ್ಯವಾನನನ್ನು ಯಮನಿಂದ ಬಿಡಿಸಿಕೊಂಡ ಸಾವಿತ್ರಿ ನಮಗೆಲ್ಲ ಗೊತ್ತು. ಗಂಡನ ಆಯುಸ್ಸಿಗಾಗಿ ಹೆಂಡತಿ ಮಾಡುವ ಭೀಮನ ಅಮಾವಾಸ್ಯೆಯೂ ಗೊತ್ತು. ಹೆಂಡತಿಯ ಆಯುಸ್ಸಿಗಾಗಿ ಗಂಡ ಉಪವಾಸ ಕೂರುವ ರುರುವಿನ ವ್ರತವೊಂದು ನಮ್ಮ ಪಂಚಾಂಗದಲ್ಲಿ ಏಕೆ ಹುಟ್ಟಲಿಲ್ಲವೋ. ಅದಿರಲಿ, ನನ್ನನ್ನು ಹಿಡಿದು ನಿಲ್ಲಿಸುವುದು ಆ ‘ಅರ್ಧ’. ರುರು ತನ್ನದೆಲ್ಲವನ್ನೂ ಕೊಟ್ಟು ತ್ಯಾಗಿಯಾಗಲಿಲ್ಲ, ತಾನೂ ಸತ್ತು ಪ್ರೇಮಿಯಾಗಲಿಲ್ಲ. ಹಂಚಿಕೊಂಡ. ಆಯುಸ್ಸನ್ನು ಹಂಚುವುದು ನಮ್ಮ ಕೈಯಲ್ಲಿಲ್ಲ. ಆದರೆ ಆಯುಸ್ಸನ್ನು ಸಾಗಿಸಲು ಬೇಕಾದ ಹತ್ತಾರು ಸಂಗತಿಗಳಿವೆಯಲ್ಲ, ಅವುಗಳನ್ನು ಹಂಚಬಹುದು. ಮುದಿ ದಾಂಪತ್ಯದ ನೈತಿಕ ಪ್ರಶ್ನೆ ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ. ಯಾರು ಮೊದಲು ಹೋಗಬೇಕು ಎಂಬುದು ನಮ್ಮ ಹಿಡಿತದಲ್ಲಿಲ್ಲ. ಉಳಿಯುವವರನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತೇವೆ ಎಂಬುದು ಬಹುಮಟ್ಟಿಗೆ ನಮ್ಮ ಹಿಡಿತದಲ್ಲಿದೆ.

ಬಿಟ್ಟು ಹೋಗುವ ಸ್ಥಿತಿ ಎಷ್ಟು ಮುಖ್ಯ ಎಂಬುದಕ್ಕೆ ಅಂಕಿಸಂಖ್ಯೆಗಳಿವೆ. ಬ್ರಿಟನ್ನಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರ ಲೆಕ್ಕವಿದೆ. ಮೊದಲ ಆರು ತಿಂಗಳಲ್ಲಿ ಅವರಲ್ಲಿ 213 ಮಂದಿ ತೀರಿಕೊಂಡರು. ಅದೇ ವಯಸ್ಸಿನ, ಹೆಂಡತಿ ಬದುಕಿರುವ ಗಂಡಸರಲ್ಲಿ ನಿರೀಕ್ಷಿಸಬಹುದಾದ ಸಾವಿಗಿಂತ ಇದು ಶೇ. 40ರಷ್ಟು ಹೆಚ್ಚು. 2006ರಲ್ಲಿ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಪಾಲ್ ಆಲಿಸನ್ ಅಮೆರಿಕದ 5,18,240 ವೃದ್ಧ ದಂಪತಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಸಂಗಾತಿಯ ಸಾವಿನ ನಂತರ ಉಳಿದವರ ಸಾವಿನ ಅಪಾಯ ಗಂಡಸರಲ್ಲಿ ಶೇ. 21, ಹೆಂಗಸರಲ್ಲಿ ಶೇ. 17ರಷ್ಟು ಏರುವುದು ಕಂಡಿತು. ಎದೆಯೊಡೆದು ಸತ್ತ ಎಂದು ಹಳ್ಳಿಯಲ್ಲಿ ಹೇಳುವ ಮಾತು ಸುಳ್ಳಲ್ಲ. ಆದರೆ ಆ ಎದೆ ಯಾಕೆ ಒಡೆಯಿತು? ಪ್ರೀತಿ ಹೆಚ್ಚಾಗಿದ್ದುದರಿಂದ ಮಾತ್ರವೇ? ಗಂಡಸಿಗೆ ತುಸು ಹೆಚ್ಚು ಪೆಟ್ಟು ಬೀಳುವುದನ್ನು ನೋಡಿದರೆ ನನಗೆ ಬೇರೊಂದು ಅನುಮಾನ. ಅವನ ಊಟ, ಮಾತ್ರೆ, ನೆಂಟರಿಷ್ಟರ ಸುದ್ದಿ, ಮಕ್ಕಳೊಡನೆ ಮಾತು ಎಲ್ಲವೂ ಒಬ್ಬಳ ಮೂಲಕವೇ ಬರುತ್ತಿತ್ತು. ಮನೆಗೆ ಇದ್ದದ್ದು ಒಂದೇ ಕಂಬ. ಕಂಬ ಬಿದ್ದರೆ ಮನೆ ಬಿದ್ದದ್ದು ಕಂಬದ ಮೇಲಿನ ಪ್ರೀತಿಯಿಂದ ಎಂದು ಹೇಳುವುದಿಲ್ಲವಲ್ಲ.

ಇಷ್ಟು ಹೇಳಿದ್ದಕ್ಕೆ ಮುದಿ ದಾಂಪತ್ಯ ಬರೀ ಭಯದ ತಾಣ ಎಂದು ತಿಳಿಯಬೇಕಾಗಿಲ್ಲ. ರಾಬರ್ಟ್ ಲೆವೆನ್ಸನ್, ಲಾರಾ ಕಾರ್ಸ್ಟೆನ್ಸನ್, ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ನಡುವಯಸ್ಸಿನ ಮತ್ತು ಅರವತ್ತು ದಾಟಿದ ದಂಪತಿಗಳನ್ನು ಎದುರುಬದುರು ಕೂರಿಸಿ, ಅವರ ನಡುವೆ ಜಗಳ ತರುವ ವಿಷಯವನ್ನೇ ಮಾತಾಡಲು ಹೇಳಿ ಗಮನಿಸಿದರು. ವಯಸ್ಸಾದವರು ಆ ಮಾತಿನ ನಡುವೆಯೂ ಒಬ್ಬರಿಗೊಬ್ಬರು ಹೆಚ್ಚು ಮಮತೆ ತೋರಿದರು, ಸಿಟ್ಟು ಅಸಹ್ಯಗಳನ್ನು ಕಡಿಮೆ ತೋರಿದರು. ಮುಂದಿರುವ ಕಾಲ ಸಣ್ಣದು ಎಂದು ಗೊತ್ತಾದಾಗ ಮನುಷ್ಯ ಮನಸ್ಸಿಗೆ ಹತ್ತಿರವಾದುದನ್ನು ಆರಿಸಿಕೊಳ್ಳುತ್ತಾನೆ ಎಂದು ಕಾರ್ಸ್ಟೆನ್ಸನ್ ಇದನ್ನು ವಿವರಿಸುತ್ತಾರೆ. ಹಾಗಾದರೆ ಮುಪ್ಪಿನಲ್ಲಿ ಪ್ರೀತಿ ಮಾಗುತ್ತದೆ, ಅದರ ಜೊತೆಗೇ ಅವಲಂಬನೆಯೂ ಹೆಚ್ಚುತ್ತದೆ. ಎರಡೂ ಒಂದೇ ಬಳ್ಳಿಯಂತೆ ಹೆಣೆದುಕೊಂಡು, ಯಾವುದು ಯಾವುದೆಂದು ಗುರುತಿಸಲಾಗದಂತೆ ಆಗುವುದೇ ತೊಡಕು.

ಈ ಹೆಣಿಗೆಯನ್ನು ನಾನು ಹತ್ತಿರದಿಂದ ಕಂಡದ್ದು ತಿಪಟೂರಿನಲ್ಲಿರುವ ನನ್ನ ಸೋದರಮಾವ ಮತ್ತು ಅತ್ತೆಯ ಮನೆಯಲ್ಲಿ. ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು, ಈಗ 79. ಅತ್ತೆಗೆ 72. ನಲವತ್ತೆಂಟು ವರ್ಷ ಆ ಮನೆಯಲ್ಲಿ ಕೆಲಸಗಳ ಗಡಿ ಸ್ಪಷ್ಟವಾಗಿತ್ತು. ಪೆನ್ಷನ್, ಬ್ಯಾಂಕು, ತೋಟದ ಪಹಣಿ, ಕೊಬ್ಬರಿ ಮಾರಿದ ಲೆಕ್ಕ ಮಾವನದು. ಅಡುಗೆಮನೆ, ಮಾತ್ರೆ, ಹಾಲಿನವನು, ನೆಂಟರ ಮನೆಯ ಮುಂಜಿ ಮದುವೆ ಅತ್ತೆಯದು. ‘ನಾನು ಕಣ್ಣು ಮುಚ್ಚಿದರೆ ನಿಮ್ಮ ಮಾವನಿಗೆ ಒಂದು ಲೋಟ ಕಾಫಿಗೂ ಗತಿಯಿಲ್ಲ ಕಣೋ’ ಎಂದು ಅತ್ತೆ, ‘ಇವಳಿಗೆ ಬ್ಯಾಂಕಲ್ಲಿ ಎಲ್ಲಿ ಸಹಿ ಹಾಕಬೇಕು ಅನ್ನೋದೂ ಗೊತ್ತಿಲ್ಲ’ ಎಂದು ಮಾವ, ಇಬ್ಬರೂ ಇದನ್ನು ದೂರಿನಂತೆ ಹೇಳುತ್ತಿದ್ದರು. ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಮಗಳು ಹದಿನೈದು ದಿನ ಇದ್ದು ಹೊರಟುಹೋದಳು. ಆಮೇಲೆ ಮಾವ ಅಡುಗೆಮನೆಗೆ ಇಳಿದರು. ಅತ್ತೆ ಮಂಚದ ಮೇಲಿಂದ ಒಂದೊಂದಾಗಿ ಹೇಳುವುದು, ಇವರು ಒಳಗಿನಿಂದ ‘ಆಯ್ತು, ಮುಂದೆ?’ ಎಂದು ಕೂಗುವುದು. ಕುಕ್ಕರು ಎಷ್ಟು ಸಲ ಕೂಗಬೇಕು, ಫಿಲ್ಟರಿಗೆ ಪುಡಿ ಎಷ್ಟು, ಡಿಕಾಕ್ಷನ್ ಇಳಿಯಲು ಎಷ್ಟು ಹೊತ್ತು ಬೇಕು ಎಂಬುದನ್ನೆಲ್ಲ ಮಾವ ಗಣಿತದ ಮೇಷ್ಟರ ಶ್ರದ್ಧೆಯಿಂದ ಬರೆದುಕೊಂಡರು. ಮೂರನೆಯ ವಾರ ನಾನು ಹೋದಾಗ ಮಾವನೇ ಕಾಫಿ ತಂದುಕೊಟ್ಟರು. ಮಂಚದ ಮೇಲಿಂದ ಯಾವ ಸೂಚನೆಯೂ ಬಂದಿರಲಿಲ್ಲ. ಮಾವ ಹಿತ್ತಲಿಗೆ ಹೋದಾಗ ಅತ್ತೆ ಲೋಟವನ್ನೇ ನೋಡುತ್ತ ಹೇಳಿದರು: ‘ಚೆನ್ನಾಗೇ ಮಾಡ್ತಾರೆ ಕಣೋ. ಅದೇ ಬೇಜಾರು.’

ಆ ಎರಡು ಮಾತುಗಳನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಐವತ್ತು ವರ್ಷ ಆ ಮನೆಯಲ್ಲಿ ಆಕೆಯ ಹೆಸರಿನಲ್ಲಿ ತೋಟವಿರಲಿಲ್ಲ, ದುಡ್ಡಿರಲಿಲ್ಲ, ದೊಡ್ಡ ತೀರ್ಮಾನಗಳಲ್ಲಿ ದನಿಯಿರಲಿಲ್ಲ. ಇದ್ದದ್ದು ‘ನಾನಿಲ್ಲದೆ ನಡೆಯುವುದಿಲ್ಲ’ ಎಂಬ ಒಂದೇ ಆಸ್ತಿ. ಗಂಡ ಕಾಫಿ ಮಾಡಲು ಕಲಿತರೆ ಆ ಆಸ್ತಿ ಕರಗುತ್ತದೆ. ಮಾವನಿಗೂ ಬ್ಯಾಂಕಿನ ಪುಸ್ತಕ ಅಂಥದ್ದೇ ಆಸ್ತಿ. ಹೀಗೆ ಒಬ್ಬರನ್ನೊಬ್ಬರು ಅಸಹಾಯಕರಾಗಿ ಇಟ್ಟುಕೊಳ್ಳುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ನಡೆಯುತ್ತದೆ. ಯಾರೂ ಬೇಕೆಂದು ಮಾಡುವುದಿಲ್ಲ. ಆದರೂ ಅನಿವಾರ್ಯರಾಗಿರುವುದರಲ್ಲಿ ಒಂದು ಅಧಿಕಾರವಿದೆ, ಅದನ್ನು ಬಿಟ್ಟುಕೊಡುವುದು ಕಷ್ಟ. ಎದುರಿನವರ ಮೇಲೆ ನಿಜವಾದ ಕಾಳಜಿ ಇದ್ದರೆ ನಾನು ಅನಿವಾರ್ಯನಲ್ಲದಂತೆ ಮಾಡಿಕೊಳ್ಳಬೇಕು. ಇಷ್ಟು ಸರಳವಾದ ಮಾತು ನುಂಗಲು ಇಷ್ಟು ಕಹಿಯಾಗಿರುವುದಕ್ಕೆ ಕಾರಣ ಇದೇ ಇರಬೇಕು.

ಮಾವ ತಮ್ಮ ಪಾಲಿನದನ್ನು ಬಿಟ್ಟುಕೊಟ್ಟದ್ದು ಆ ಮಳೆಗಾಲದಲ್ಲಿ. ಒಂದು ನೋಟುಬುಕ್ಕಿನಲ್ಲಿ ಯಾವ ಕಾಗದ ಎಲ್ಲಿದೆ, ಯಾವ ಖಾತೆಯಲ್ಲಿ ಎಷ್ಟಿದೆ, ತಾವು ಹೋದ ಮೇಲೆ ಕುಟುಂಬ ಪಿಂಚಣಿಗೆ ಎಲ್ಲಿಗೆ ಹೋಗಿ ಏನು ಕೊಡಬೇಕು ಎಂದು ಬರೆದು, ದಿನಾ ದೀಪ ಹಚ್ಚಿದ ಮೇಲೆ ಅತ್ತೆಗೆ ಒಂದೊಂದು ಪುಟ ಓದಿ ಹೇಳತೊಡಗಿದರು. ‘ದೀಪ ಹಚ್ಚೋ ಹೊತ್ತಲ್ಲಿ ಎಂಥ ಅಪಶಕುನದ ಮಾತು ರೀ’ ಎಂದು ಅತ್ತೆ ಸಿಟ್ಟಾದರು. ‘ಅಪಶಕುನ ಅಲ್ಲ ಕಣೇ, ಪಾಠ’ ಎಂದರು ಮಾವ. ವಾರ ಕಳೆಯುವಷ್ಟರಲ್ಲಿ ಅತ್ತೆ ಪ್ರಶ್ನೆ ಕೇಳತೊಡಗಿದ್ದರಂತೆ, ತೋಟದ ಪಹಣಿಯಲ್ಲಿ ತಮ್ಮ ಹೆಸರು ಯಾಕಿಲ್ಲ ಎಂಬುದನ್ನೂ ಸೇರಿಸಿ.

ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿ ನನಗೆ ನೆನಪಾಗುವುದು ಇಲ್ಲಿ. ಮನೆ ಬಿಟ್ಟು ಹೊರಡಲಿರುವ ಯಾಜ್ಞವಲ್ಕ್ಯ ತನ್ನ ಇಬ್ಬರು ಹೆಂಡಿರಿಗೆ ಆಸ್ತಿ ಹಂಚಿಕೊಡಲು ಸಿದ್ಧನಾಗುತ್ತಾನೆ. ಕಾತ್ಯಾಯನಿ ಆ ಪ್ರಸಂಗದಲ್ಲಿ ಮಾತಾಡುವುದಿಲ್ಲ. ಮೈತ್ರೇಯಿ ಮಾತ್ರ ಈ ಸಂಪತ್ತಿನಿಂದ ನನಗೆ ಅಮೃತತ್ವ ಸಿಗುತ್ತದೆಯೇ ಎಂದು ಕೇಳಿ, ಇಲ್ಲವೆಂದಾದರೆ ನಿನಗೆ ತಿಳಿದಿರುವುದನ್ನು ನನಗೆ ಹೇಳು ಎನ್ನುತ್ತಾಳೆ. ಆ ಸಂವಾದದ ವೇದಾಂತ ಬಹಳ ಎತ್ತರದ್ದು, ಅದನ್ನು ಪೆನ್ಷನ್ ಪುಸ್ತಕದ ಮಟ್ಟಕ್ಕೆ ಇಳಿಸುವ ಉದ್ದೇಶ ನನಗಿಲ್ಲ. ಆದರೆ ಗಂಡ ಹೊರಡುವ ಮೊದಲು ಹೆಂಡತಿಗೆ ಕೊಡಬೇಕಾದದ್ದು ಏನು ಎಂಬ ಪ್ರಶ್ನೆ ಅಲ್ಲಿಯೂ ಇದೆ. ವಸ್ತುಗಳನ್ನು ಬಿಟ್ಟುಹೋದರೆ ಸಾಲದು ಎಂಬುದು ಮೈತ್ರೇಯಿಯ ಪಟ್ಟು. ಹೊರಟವನು ಕೂತು ಪಾಠ ಹೇಳಿಯೇ ಹೋದ.

ನನ್ನ ಈ ವಾದಕ್ಕೆ ಒಬ್ಬ ಗೆಳೆಯ ಎತ್ತಿದ ಆಕ್ಷೇಪ ಹಗುರವಾದದ್ದಲ್ಲ. ಎಲ್ಲರೂ ಎಲ್ಲವನ್ನೂ ಮಾಡಿಕೊಳ್ಳಲು ಕಲಿತರೆ ಆ ಮನೆ ಲಾಡ್ಜ್ ಆಗುವುದಿಲ್ಲವೇ, ಒಬ್ಬರಿಗೊಬ್ಬರು ಬೇಕಾಗುವುದರಲ್ಲೇ ಅಲ್ಲವೇ ಸಂಸಾರದ ಸವಿ ಎಂದು ಅವನು ಕೇಳಿದ. ನಿಜ. ಗಂಡನ ಕೆಮ್ಮು ಕೇಳಿದ ತಕ್ಷಣ ಬಿಸಿನೀರಿಗೆ ಏಳುವ ಹೆಂಡತಿ, ಹೆಂಡತಿ ಕನ್ನಡಕ ಹುಡುಕುವ ಮೊದಲೇ ಅದನ್ನು ಎತ್ತಿಕೊಡುವ ಗಂಡ, ಇವರ ನಡುವೆ ಇರುವುದನ್ನು ಕಳೆದುಕೊಂಡು ಬರುವ ಸ್ವಾವಲಂಬನೆ ಯಾರಿಗೂ ಬೇಡ. ಆದರೆ ಕಾಫಿ ಮಾಡಲು ಬಾರದೆ ಹೆಂಡತಿಗಾಗಿ ಕಾಯುವುದು ಒಂದು, ಬಂದರೂ ಆಕೆ ಮಾಡಲಿ ಎಂದು ಕಾಯುವುದು ಇನ್ನೊಂದು. ಮೊದಲನೆಯದರಲ್ಲಿ ಆಕೆ ಅಗತ್ಯ, ಎರಡನೆಯದರಲ್ಲಿ ಆಕೆ ಪ್ರಿಯೆ. ನಲವತ್ತೆಂಟು ವರ್ಷದ ಮೇಲೆ ಅಗತ್ಯ ಕಳಚಿ ಬಿದ್ದಾಗಲೂ ಉಳಿಯುವುದು ಯಾವುದು ಎಂದು ನೋಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅತ್ತೆಯ ಬೇಜಾರಿನಲ್ಲಿ ಆ ಅಂಜಿಕೆಯೂ ಇದ್ದೀತು.

ಹಂಚಿಕೊಳ್ಳಲು ಆಗದೆ ಇರುವುದೂ ಇದೆ ಎಂಬುದನ್ನು ಒಪ್ಪಬೇಕು. ಎಪ್ಪತ್ತೈದು ದಾಟಿದ ಹೆಂಗಸಿನ ಅಪ್ಪ ಅಮ್ಮ ಎಂದೋ ಹೋಗಿರುತ್ತಾರೆ. ಅಣ್ಣಂದಿರು, ಅಕ್ಕಂದಿರು ಒಬ್ಬೊಬ್ಬರಾಗಿ ಹೋಗುತ್ತಾರೆ. ಮಕ್ಕಳಿಗೆ ಆಕೆ ಅಮ್ಮ, ಮೊಮ್ಮಕ್ಕಳಿಗೆ ಅಜ್ಜಿ, ಬೀದಿಗೆಲ್ಲ ‘ನೀವು’. ಆಕೆಯನ್ನು ಸಲಿಗೆಯಿಂದ ‘ಏನೇ’ ಎಂದು ಏಕವಚನದಲ್ಲಿ ಕರೆಯುವ ಕೊನೆಯ ಮನುಷ್ಯ ಗಂಡನೇ ಆಗಿರುತ್ತಾನೆ. ‘ರೀ’ ಎಂಬ ಒಂದಕ್ಷರದಲ್ಲಿ ಅವನನ್ನು ಕರೆಯುವವಳೂ ಆಕೆ ಒಬ್ಬಳೇ. ಆ ಕರೆ ನಿಂತಾಗ ಅದಕ್ಕೆ ಓಗೊಡುತ್ತಿದ್ದ ನಮ್ಮೊಳಗಿನ ಒಬ್ಬ ವ್ಯಕ್ತಿಯೂ ಇಲ್ಲವಾಗುತ್ತಾನೆ. ನೋಟುಬುಕ್ಕಿನಲ್ಲಿ ಬರೆದಿಡಲಾಗದ ನಷ್ಟ ಇದು. ಯಾವ ಪಾಠವೂ ಇದನ್ನು ತಡೆಯುವುದಿಲ್ಲ. ಆದರೆ ಇಂಥ ದುಃಖದ ಜೊತೆಗೆ ಗ್ಯಾಸ್ ಹಚ್ಚಲು ಬಾರದ, ಹಣ ತೆಗೆಯಲು ಬಾರದ ದೈನೇಸಿತನವೂ ಸೇರದಿರಲಿ ಎಂದಷ್ಟೇ ನಾನು ಹೇಳುವುದು. ಶೋಕಿಸಲೂ ಮನುಷ್ಯನಿಗೆ ಸ್ವಲ್ಪ ಬಿಡುವು ಬೇಕು.

ಮೊದಲು ಹೋಗುವುದು ಯಾವಾಗಲೂ ಸಾವಿನಿಂದಲೇ ಆಗಬೇಕೆಂದೂ ಇಲ್ಲ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲೇ ಇನ್ನೊಂದು ಸಂಗತಿಯಿದೆ. ಹೆಂಡತಿ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದಾಗ ಒಂದು ವರ್ಷದೊಳಗೆ ತೀರಿಕೊಂಡ ಗಂಡಂದಿರು ಶೇ. 6.4, ಮರೆವಿನ ಕಾಯಿಲೆಯಿಂದ ಸೇರಿದಾಗ ಶೇ. 8.6. ಎದುರಿಗೇ ಕುಳಿತಿದ್ದು, ನೀವು ಯಾರು ಎಂದು ಕೇಳುವ ಸಂಗಾತಿ ಇದ್ದೂ ಹೋದವರು. ಅವರನ್ನು ನೋಡಿಕೊಳ್ಳುವವರಿಗೆ ಸೂತಕವಿಲ್ಲ, ವೈಕುಂಠ ಸಮಾರಾಧನೆಯಿಲ್ಲ, ಸಮಾಧಾನ ಹೇಳಲು ಬರುವ ನೆಂಟರಿಲ್ಲ. ‘ನಿನ್ನ ಪಾಲಿನ ಕರ್ತವ್ಯ’ ಎಂಬ ಒಂದು ಮಾತಿರುತ್ತದೆ. ಅಂಥವರು ವಾರದಲ್ಲಿ ಒಂದು ಸಂಜೆ ಬಾಗಿಲು ಹಾಕಿಕೊಂಡು ಹೊರಗೆ ಹೋಗಿ ಬರುವುದನ್ನು ಸ್ವಾರ್ಥ ಎಂದು ಯಾರಾದರೂ ಅಂದರೆ, ಆ ಸಂಜೆಯ ಮಟ್ಟಿಗೆ ತಾವೇ ಬಂದು ಕೂರುತ್ತೀರಾ ಎಂದು ಕೇಳಬೇಕು.

ಹಂಚಬೇಕಾದವುಗಳಲ್ಲಿ ಕೊನೆಯದು, ಬಹುಶಃ ಎಲ್ಲಕ್ಕಿಂತ ಕಷ್ಟದ್ದು, ಅನುಮತಿ. ನಮ್ಮ ಬೀದಿಯ ಒಬ್ಬ ಹಿರಿಯ ಹೆಂಗಸು ಗಂಡ ಹೋಗಿ ಎಂಟು ತಿಂಗಳಿಗೆ ತಂಗಿಯರ ಜೊತೆ ಕಾಶಿಗೆ ಹೋಗಿ ಬಂದರು. ಗಂಗೆಯ ದೋಣಿಯಲ್ಲಿ ಬಾಯ್ತುಂಬ ನಗುತ್ತಿರುವ ಅವರ ಫೋಟೋ ವಾಟ್ಸಾಪಿನಲ್ಲಿ ಓಡಾಡಿತು. ವರ್ಷ ತುಂಬುವ ಮೊದಲೇ ಈ ನಗು ಏಕೆ ಎಂದು ಕೆಲವರಿಗೆ ಸಂಕಟ. ಅವರ ಕಿವಿಗೂ ಬಿತ್ತು. ‘ಅವರೇ ಹೇಳಿ ಹೋಗಿದ್ದಾರೆ, ನಾನಿಲ್ಲ ಅಂತ ಮನೆ ಹಿಡಿದು ಕೂರಬೇಡ ಅಂತ. ಅವರ ಮಾತು ನಡೆಸ್ತಿದ್ದೀನಿ’ ಎಂದರು. ಆ ಗಂಡ ಬಿಟ್ಟುಹೋದ ಆಸ್ತಿ ಏನಿತ್ತೋ ಗೊತ್ತಿಲ್ಲ, ಈ ಒಂದು ಮಾತು ಮಾತ್ರ ದೊಡ್ಡ ಆಸ್ತಿ. ಚೆನ್ನಾಗಿ ಬದುಕಿ ಉಳಿದರೆ ಪ್ರೀತಿ ಕಡಿಮೆಯಿತ್ತು ಎಂದು ಅಳೆಯುವ ಲೋಕದ ಅಳತೆಗೋಲನ್ನು ಮುರಿಯಬಲ್ಲವರು ಬೇರೆ ಯಾರೂ ಅಲ್ಲ, ಮೊದಲು ಹೋಗುವವರು ಮಾತ್ರ. ಅದೂ ಇನ್ನೂ ಇರುವಾಗ.

ಬ್ಯಾಂಕುಗಳಲ್ಲಿ ಗಂಡ ಹೆಂಡತಿಯ ಜಂಟಿ ಖಾತೆ ತೆರೆಯುವಾಗ ಅರ್ಜಿಯಲ್ಲಿ ಒಂದು ಸಾಲಿಗೆ ಗುರುತು ಹಾಕಿಸುತ್ತಾರೆ: ಐದರ್ ಆರ್ ಸರ್ವೈವರ್. ಇಬ್ಬರಲ್ಲಿ ಯಾರಾದರೂ, ಇಲ್ಲವೇ ಉಳಿದವರು. ಮಂತ್ರದಲ್ಲಿ, ಹರಕೆಯಲ್ಲಿ, ಹಾಡಿನಲ್ಲಿ ಎಲ್ಲೂ ಹೇಳದ ಸತ್ಯವನ್ನು ಬ್ಯಾಂಕಿನ ಗುಮಾಸ್ತ ಬೇಸರದ ದನಿಯಲ್ಲಿ ಓದಿ ಹೇಳುತ್ತಾನೆ, ನಾವು ಕೇಳಿಸಿಕೊಳ್ಳದೆ ಸಹಿ ಹಾಕುತ್ತೇವೆ. ಖಾತೆಯ ಮಟ್ಟಿಗೆ ಆ ಸಾಲು ಸಾಕು, ಮನೆಗೆ ಸಾಲದು. ವಯಸ್ಸಾದ ಗಂಡ ಹೆಂಡಿರು ಯಾವತ್ತಾದರೂ ಒಂದು ಸಂಜೆ, ಟಿವಿ ಆರಿಸಿ, ಆ ಹಳೆಯ ತಮಾಷೆಯನ್ನು ಬದಿಗಿಟ್ಟು ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದಾದ ಪ್ರಶ್ನೆಯೊಂದಿದೆ: ನಾನಿಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ನೀನು ಏನು ಮಾಡುತ್ತೀಯ? ಇದಕ್ಕೆ ಅಳುವೇ ಉತ್ತರವಾದರೆ ಇನ್ನೂ ಹಂಚಿಕೊಳ್ಳುವ ಕೆಲಸ ಬಾಕಿಯಿದೆ. ‘ಕಾಫಿ ಮಾಡ್ಕೊಂಡು, ಗಿಡಕ್ಕೆ ನೀರು ಹಾಕಿ, ತಂಗಿಗೆ ಫೋನ್ ಮಾಡ್ತೀನಿ’ ಎಂಬಂಥ ಉತ್ತರ ಬಂದರೆ ಕೇಳಿದವರಿಗೆ ಎಲ್ಲೋ ಒಂದು ಚೂರು ನೋವಾಗುತ್ತದೆ. ಆ ನೋವನ್ನು ನುಂಗಿಕೊಂಡು ‘ಸರಿ, ಹಾಲು ಯಾರು ತರ್ತಾರೆ?’ ಎಂದು ಮುಂದಿನ ಪ್ರಶ್ನೆ ಕೇಳುವುದಕ್ಕೆ ಐವತ್ತು ವರ್ಷದ ಸಂಸಾರ ಬೇಕಾಗುತ್ತದೆಯೋ ಏನೋ.